ಹದಿನೆಂಟು ಗಜದಾಚೆಯ ಕರಡಿ

ಹೊಸಪೇಟೆಯ ಕಡೆಯವನಾದ ನನಗೆ ಕರಡಿ ಎಂದರೆ ಮೊದಲು ನೆನಪಾಗುವುದು ದರೋಜಿ. 1994ರಲ್ಲಿ ಘೋಷಣೆಯಾದ ಆ ಕರಡಿಧಾಮದಲ್ಲಿ ಅರಣ್ಯ ಇಲಾಖೆಯ ಸಿಬ್ಬಂದಿ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಬಿಸಿಲು ಇಳಿಯುವ ಹೊತ್ತಿಗೆ ಕರಡಿಗಳು ಒಂದೊಂದಾಗಿ ಬಂದು ಅದನ್ನು ನೆಕ್ಕುವುದನ್ನು ಎದುರಿನ ವೀಕ್ಷಣಾ ಗೋಪುರದಿಂದ ನೋಡಬಹುದು. ಈಗ ನಾನಿರುವುದು ಅಮೆರಿಕದ ಮಿನೆಸೋಟಾ ರಾಜ್ಯದ ಡುಲುತ್‌ನಲ್ಲಿ. ಇಲ್ಲಿ ನನ್ನ ನೆರೆಯವರು ಆಗಸ್ಟ್ ತಿಂಗಳ ನಡುವೆ ಕಾಡಿಗೆ ಹೋಗಿ, ಹಳಸಿದ ಸಿಹಿ ಬ್ರೆಡ್ಡಿಗೂ ಓಟ್ಸಿಗೂ ಕಾಕಂಬಿ ಸುರಿದು, ಮೇಲೆ ಮರದ ದಿಮ್ಮಿಗಳನ್ನು ಹೇರಿ ಬರುತ್ತಾರೆ. ಅವರೊಡನೆ ಮೊದಲ ಸಲ ಹೋದಾಗ ಆ ಕಾಕಂಬಿಯ ವಾಸನೆಗೆ ನನಗೆ ದರೋಜಿಯೇ ಕಣ್ಣಿಗೆ ಕಟ್ಟಿತು. ಉಪಾಯ ಒಂದೇ, ಅಲ್ಲಿ ಕಾದು ಕುಳಿತವರ ಕೈಯಲ್ಲಿ ದುರ್ಬೀನು, ಇಲ್ಲಿ ಬಿಲ್ಲು.

ಆಮಿಷ ಇಟ್ಟು ಹೊಡೆಯುವುದು ಬೇಟೆಯೇ ಅಲ್ಲ ಎನ್ನುವವರು ಇಲ್ಲಿಯೂ ಬಹಳ ಮಂದಿ ಇದ್ದಾರೆ. ಕೊಲೊರಾಡೋದ ಮತದಾರರು 1992ರಲ್ಲಿ ಅದನ್ನು ನಿಷೇಧಿಸಿದರು. ಮೇನ್ ರಾಜ್ಯದವರು 2004ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ ಅಂಥ ನಿಷೇಧವನ್ನು ತಳ್ಳಿಹಾಕಿದರು. ನಾನೂ ಮೊದಲು ಮೂಗು ಮುರಿದವನೇ. ಆದರೆ ಇಪ್ಪತ್ತು ಹೆಜ್ಜೆಯ ಆಚೆಗೆ ಏನೂ ಕಾಣದ ಈ ಕಾಡಿನಲ್ಲಿ, ಎದುರಿಗೆ ಬಂದದ್ದು ಒಂಟಿ ಗಂಡೋ, ಮರಿಗಳನ್ನು ಹಿಂದೆ ಬಿಟ್ಟು ಬಂದ ತಾಯಿಯೋ ಎಂದು ಸಾವಧಾನವಾಗಿ ನೋಡಿ ತಿಳಿಯಲು, ದೂರವನ್ನು ಮೊದಲೇ ಅಳೆದಿಟ್ಟುಕೊಳ್ಳಲು ಬೇರೆ ದಾರಿ ನನಗೆ ಕಾಣಲಿಲ್ಲ. ಬಂದೂಕಿಗೆ ಈ ಮಾತು ಅಷ್ಟಾಗಿ ಅನ್ವಯಿಸದಿರಬಹುದು, ಬಿಲ್ಲಿಗೆ ಖಂಡಿತವಾಗಿ ಅನ್ವಯಿಸುತ್ತದೆ.

ನನ್ನ ತಕರಾರು ಇರುವುದು ಸಲಕರಣೆಯ ವಿಷಯದಲ್ಲಿ. ಇಲ್ಲಿ ಹೊಸದಾಗಿ ಕರಡಿ ಬೇಟೆಗೆ ಹೊರಡುವವರು ಬಿಲ್ಲಿನಿಂದ ಲೆಕ್ಕ ಶುರು ಮಾಡುತ್ತಾರೆ: ಎಷ್ಟು ಪೌಂಡ್ ಸೆಳೆತ (ಹೆದೆ ಎಳೆಯಲು ಬೇಕಾದ ಬಲ), ಬಾಣಕ್ಕೆ ಎಷ್ಟು ವೇಗ, ಈ ವರ್ಷದ ಮಾದರಿಯೋ ಹೋದ ವರ್ಷದ್ದೋ. ನಾನೂ ಹಾಗೆಯೇ ಮೋಸಹೋದೆ. ಅಂಗಡಿಯೊಂದರಲ್ಲಿ ಎಪ್ಪತ್ತು ಪೌಂಡ್ ಸೆಳೆತದ, ತುದಿಗಳಲ್ಲಿ ಗಾಲಿಗಳಿರುವ ಕಾಂಪೌಂಡ್ ಬಿಲ್ಲನ್ನು ನನ್ನ ಕೈಗಿತ್ತು, ಕರಡಿಗೆ ಇದಕ್ಕಿಂತ ಕಡಿಮೆ ಸಾಲದು ಎಂದರು. ಅದನ್ನು ಎಳೆಯಲು ನಾನು ಪ್ರತಿ ಸಲವೂ ಆಕಾಶಕ್ಕೆ ಗುರಿಯಿಟ್ಟವನಂತೆ ತೋಳೆತ್ತಿ ತಿಣುಕಬೇಕಾಗುತ್ತಿತ್ತು. ಹದಿನೆಂಟು ಗಜದಲ್ಲಿ ನಿಂತ ಕರಡಿ ಆ ಕುಣಿತವನ್ನು ನೋಡುತ್ತಾ ನಿಲ್ಲುವುದಿಲ್ಲ. ಮಿನೆಸೋಟಾದ ಕಾನೂನು ದೊಡ್ಡ ಪ್ರಾಣಿಗಳ ಬೇಟೆಗೆ ಕೇಳುವ ಕನಿಷ್ಠ ಸೆಳೆತ 30 ಪೌಂಡ್ ಮಾತ್ರ. ಅದು ಕರಡಿಗೆ ತೀರಾ ಕಡಿಮೆಯೆಂದೇ ನನ್ನ ಎಣಿಕೆ, ಆದರೆ 50ರಿಂದ 60 ಪೌಂಡ್ ಆದರೆ ಯಾವ ಕೊರತೆಯೂ ಇಲ್ಲ. ಅರವತ್ತು ಪೌಂಡಿನ ಕಾಂಪೌಂಡ್ ಬಿಲ್ಲು ಪೂರ್ತಿ ಎಳೆದಾಗ ನೂರಕ್ಕೆ ಎಂಬತ್ತರಷ್ಟು ಭಾರವನ್ನು ಬಿಟ್ಟುಕೊಡುವಂಥದ್ದಾದರೆ, ಬೆರಳುಗಳಿಗೆ ಉಳಿಯುವುದು ಹನ್ನೆರಡೇ ಪೌಂಡ್. ಕರಡಿ ಪಕ್ಕಕ್ಕೆ ತಿರುಗುವ ತನಕ ಹೆದೆಯನ್ನು ಹಿಡಿದೇ ಕಾಯಬಹುದು.

ಲೆಕ್ಕ ಶುರುವಾಗಬೇಕಾದದ್ದು ಕರಡಿಯ ಮೈಯಿಂದ. ಚಳಿಗಾಲದ ನಿದ್ದೆಗೆ ಅಣಿಯಾಗುವ ಕಪ್ಪು ಕರಡಿ ಸೆಪ್ಟೆಂಬರಿನಲ್ಲಿ ಹಗಲಿರುಳೂ ತಿಂದು ಕೊಬ್ಬನ್ನು ಹೊದ್ದಿರುತ್ತದೆ. ಆ ಕೊಬ್ಬು ಗಾಯದ ಬಾಯಿ ಮುಚ್ಚುತ್ತದೆ, ದಟ್ಟ ಕೂದಲು ಹತ್ತಿಯಂತೆ ರಕ್ತವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಜಿಂಕೆಯ ಹಿಂದೆ ಹೋದಂತೆ ನೆಲದ ಮೇಲಿನ ರಕ್ತದ ಜಾಡು ನಂಬಿ ಹೋಗುವಂತಿಲ್ಲ. ಬಾಣ ಎರಡೂ ಶ್ವಾಸಕೋಶಗಳನ್ನು ಕೊಯ್ದು ಆಚೆ ಬದಿಯಿಂದ, ಸಾಧ್ಯವಾದಷ್ಟು ಕೆಳಗಿನಿಂದ ಹೊರಬೀಳಬೇಕು. ಇದಕ್ಕೆ ಬೇಕಾದದ್ದು ವೇಗವಲ್ಲ, ತೂಕ. ನಾನು ಬಳಸುವ ಬಾಣ 450 ಗ್ರೇನ್, ಅಂದರೆ ಸುಮಾರು 29 ಗ್ರಾಂ ತೂಗುತ್ತದೆ. ಹಗುರ ಬಾಣಕ್ಕಿಂತ ನಿಧಾನವಾಗಿ ಹೋಗುತ್ತದೆ, ಆದರೆ ಹೊಕ್ಕ ಮೇಲೆ ನಿಲ್ಲದೆ ಸಾಗುತ್ತದೆ, ಬಿಲ್ಲಿನ ಸದ್ದೂ ತಗ್ಗುತ್ತದೆ.

ತುದಿಯ ವಿಷಯಕ್ಕೆ ನಮ್ಮ ಹಳಗನ್ನಡದಲ್ಲಿಯೇ ಸೊಗಸಾದ ಪದವಿದೆ: ಕೂರಂಬು. ಇಲ್ಲಿನ ನಿಯಮವೂ ಕೇಳುವುದು ಅದನ್ನೇ. ಕನಿಷ್ಠ ಎರಡು ಲೋಹದ ಅಲಗುಗಳಿರಬೇಕು, ಅವು ಹರಿತವಾಗಿರಬೇಕು, ಹಿಮ್ಮುಖದ ಮುಳ್ಳಿರಬಾರದು, ಅಗಲ ಒಂದು ಇಂಚಿನ ಎಂಟು ಭಾಗಗಳಲ್ಲಿ ಏಳಕ್ಕಿಂತ ಕಡಿಮೆಯಿರಬಾರದು. ತಗುಲಿದ ಕ್ಷಣ ರೆಕ್ಕೆ ಬಿಚ್ಚಿಕೊಳ್ಳುವ ಅಲಗುಗಳು ಮಾರುಕಟ್ಟೆಯಲ್ಲಿ ತುಂಬ ಜನಪ್ರಿಯ, ಆದರೆ ಬಿಚ್ಚಿಕೊಳ್ಳುವುದಕ್ಕೇ ಬಾಣದ ಬಲದಲ್ಲಿ ಒಂದು ಪಾಲು ಖರ್ಚಾಗುತ್ತದೆ. ಕೂದಲು, ಕೊಬ್ಬು, ಪಕ್ಕೆಲುಬು ಇಷ್ಟನ್ನು ದಾಟಬೇಕಾದಲ್ಲಿ ನನ್ನ ನಂಬಿಕೆ ಸ್ಥಿರವಾದ ಅಲಗಿನ ಮೇಲೆ. ಬಿಲ್ಲನ್ನು ಯಾರ ಕೈಯಿಂದಲೋ ಹಳೆಯದಾಗಿ ಕೊಂಡರೂ ನಡೆಯುತ್ತದೆ. ಅಲಗಿಗೆ ಮಾತ್ರ ಜಿಪುಣತನ ಸಲ್ಲದು. ಅಭ್ಯಾಸವನ್ನೂ ಅದೇ ಅಲಗು ಹಾಕಿಯೇ, ಎತ್ತರದಲ್ಲಿ ಕುಳಿತೇ ಮಾಡಬೇಕು.

ಅಟ್ಟಣಿಗೆಯನ್ನು ತೀರಾ ಮೇಲೆ ಕಟ್ಟಿದರೆ ಬಾಣ ಕಡಿದಾಗಿ ಇಳಿದು ಒಂದೇ ಶ್ವಾಸಕೋಶಕ್ಕೆ ತಾಗುವ ಅಪಾಯವಿದೆ. ಹನ್ನೆರಡು ಹದಿನೈದು ಅಡಿ ಸಾಕು, ಜೊತೆಗೆ ಬೀಳದಂತೆ ಕಟ್ಟಿಕೊಳ್ಳುವ ಪಟ್ಟಿ. ಮುಸ್ಸಂಜೆಯಲ್ಲಿ ಕಪ್ಪು ಮೈಯ ಮೇಲೆ ಭುಜದ ಗೆರೆ ಕಾಣುವುದೇ ಇಲ್ಲ, ಗುರಿಯ ಸೂಜಿಯೂ ಆ ಕಪ್ಪಿನಲ್ಲಿ ಕರಗಿಹೋಗುತ್ತದೆ. ಈಚೆಯ ಮುಂಗಾಲು ಮುಂದಕ್ಕೆ ಚಾಚಿದ ಗಳಿಗೆಗೆ ಕಾಯಬೇಕು. ಅದು ಬಾರದಿದ್ದರೆ ಬಾಣ ಬಿಡಬಾರದು.

ಊರಿನ ಗೆಳೆಯರು ಫೋನಿನಲ್ಲಿ, ನೀನು ಅಲ್ಲಿ ಹೋಗಿ ಬೇಡನಾದೆಯಾ ಎಂದು ಕೆಣಕುತ್ತಾರೆ. ಬೇಟೆ ನಮಗೇನೂ ಪರಕೀಯವಲ್ಲ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲಿ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಆದರೆ ಇಲ್ಲಿನ ರೀತಿಯನ್ನು ಅಲ್ಲಿಗೆ ತರಬೇಕೆಂದು ನಾನು ಎಂದೂ ಹೇಳುವುದಿಲ್ಲ. 1972ರಲ್ಲಿ ಭಾರತ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ತಂದಿತು. ನಮ್ಮ ಕರಡಿ ಇಂದು ಅದರ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯಿರುವ ಪ್ರಾಣಿಗಳ ಪಟ್ಟಿಯಲ್ಲಿದೆ, ಇರಬೇಕಾದದ್ದೂ ಅಲ್ಲಿಯೇ. ಅದೇ 1972ರಲ್ಲಿ ಅಮೆರಿಕ, ಬಂದೂಕಿನ ಮೇಲೆ 1937ರಿಂದಲೂ ಇದ್ದ ವನ್ಯಜೀವಿ ನಿಧಿಯ ತೆರಿಗೆಯನ್ನು ಬಿಲ್ಲುಬಾಣಗಳಿಗೂ ವಿಸ್ತರಿಸಿತು. ಒಂದು ದೇಶ ಕೈ ಕಟ್ಟಿತು, ಇನ್ನೊಂದು ಕೈಗೆ ರಸೀದಿ ಕೊಟ್ಟಿತು. ಇಲ್ಲಿ ಕರಡಿ ಹೊಡೆದವನು ಅದನ್ನು ನೋಂದಾಯಿಸಿ, ವಯಸ್ಸು ಗುರುತಿಸಲು ಅದರ ಒಂದು ಹಲ್ಲನ್ನು ಇಲಾಖೆಗೆ ಒಪ್ಪಿಸಬೇಕು. ಎಣಿಕೆ ಅಷ್ಟು ಬಿಗಿಯಾಗಿ ನಡೆಯುವುದರಿಂದಲೇ ಪರವಾನಗಿ ಎಂಬ ಮಾತಿಗೆ ಇಲ್ಲಿ ಅರ್ಥವಿದೆ.

ಹೋದ ಸೆಪ್ಟೆಂಬರಿನಲ್ಲಿ ನಾನು ಅಟ್ಟಣಿಗೆಯ ಮೇಲಿದ್ದಾಗ ದೊಡ್ಡದೊಂದು ಕರಡಿ ಸದ್ದಿಲ್ಲದೆ ಬಂದು, ದಿಮ್ಮಿಗಳನ್ನು ಬೆಂಕಿಕಡ್ಡಿಗಳಂತೆ ಸರಿಸಿ ಕುಳಿತಿತು. ಕಿವಿಗಳು ತಲೆಯ ಎರಡು ಪಕ್ಕಕ್ಕೆ ಪುಟ್ಟದಾಗಿ ಕಾಣುತ್ತಿದ್ದವು, ಅಂದರೆ ಹಳೆಯ ಗಂಡು. ಹೆದೆ ಎಳೆದೆ. ಅದು ನನ್ನ ಕಡೆಗೇ ಎದೆಯೊಡ್ಡಿ ಕುಳಿತು, ಕಾಕಂಬಿ ಮೆತ್ತಿದ ಬ್ರೆಡ್ಡು ತಿನ್ನುತ್ತಲೇ ಇತ್ತು. ತೋಳು ನಡುಗುವಷ್ಟು ಕಾದು, ಮೆಲ್ಲನೆ ಹೆದೆ ಇಳಿಸಿದೆ. ಕತ್ತಲೆ ಪೂರ್ತಿ ಕವಿಯುವ ಮುನ್ನ ಅದು ಎದ್ದು, ಬೆನ್ನು ತೋರಿಸಿ ಹೋಯಿತು. ಕೆಳಗಿಳಿದಾಗ ನೆರೆಯವರು ಟಾರ್ಚು ಹಿಡಿದು ಬಂದು, ಯಾಕೆ ಬಿಡಲಿಲ್ಲ ಎಂದು ಕೇಳಲಿಲ್ಲ. ಬಾಣಗಳನ್ನು ಎಣಿಸಿ ಬತ್ತಳಿಕೆಗೆ ಹಾಕಿ, ಸರಿಸಿದ್ದ ದಿಮ್ಮಿಗಳನ್ನು ಮತ್ತೆ ಹೇರಲು ನನ್ನನ್ನು ಕರೆದರು.