ಅರ್ಥ ಆಯ್ತು ಸಾರ್

ಶನಿವಾರ ಮಗಳ ಶಾಲೆಯಲ್ಲಿ ಪೋಷಕರ ಸಭೆ. "ಎಫ್‌ಎ ಮಾರ್ಕ್ಸ್ ಪರವಾಗಿಲ್ಲ. ಆದ್ರೆ ಪಾಠ ಕೇಳೋ ಹಾಗೆ ಕಾಣಲ್ಲ" ಎಂದರು ಮಿಸ್ಸು. ಕೇಳಲ್ಲ ಅನ್ನಲಿಲ್ಲ ನೋಡಿ, ಕೇಳೋ ಹಾಗೆ ಕಾಣಲ್ಲ. ನಾನು ತಲೆಯಾಡಿಸಿದೆ.

ಹಾಗೆ ಆಡಿಸುವುದು ನನಗೆ ಸುಮ್ನೆ ಬಂದದ್ದಲ್ಲ. ಎಂಟನೇ ಕ್ಲಾಸಿನಲ್ಲಿ ಸಾಧನೆ ಮಾಡಿ ಕಲಿತದ್ದು. ಊಟ ಆದಮೇಲಿನ ಪೀರಿಯಡ್ಡು ಕನ್ನಡ ವ್ಯಾಕರಣ. ಹೊಟ್ಟೆಯಲ್ಲಿ ಮೊಸರನ್ನ, ಬೋರ್ಡಿನ ಮೇಲೆ ಸಂಧಿ. ಕಣ್ಣು ಮುಚ್ಚಿದರೆ ಹಣೆಗೆ ಚಾಕ್‌ಪೀಸು. ಅದಕ್ಕೇ ಕಣ್ಣು ತೆರೆದು ನಿದ್ದೆ ಮಾಡುವ ಪದ್ಧತಿ ಕಂಡುಕೊಂಡೆ. ಹುಬ್ಬು ಸ್ವಲ್ಪ ಗಂಟು, ಪೆನ್ನು ಗಲ್ಲಕ್ಕೆ, ಮೇಷ್ಟ್ರು ಉಸಿರೆಳೆದಾಗಲೆಲ್ಲ ಒಂದು ಸಲ ತಲೆ ಕೆಳಗೆ. ಜಾಸ್ತಿ ಆಡಿಸಬಾರದು, ಕೋಲೆ ಬಸವ ಆಗಿಬಿಡುತ್ತೇವೆ.

ಎಡವಟ್ಟೆಂದರೆ, ನಾನು ತೀರಾ ಚೆನ್ನಾಗಿ ಆಡಿಸಿದೆ. ಕ್ಲಾಸಿನಲ್ಲಿ ಪಾಠ ತಲೆಗೆ ಹತ್ತುತ್ತಿರುವುದು ಇವನೊಬ್ಬನಿಗೇ ಅಂದುಕೊಂಡು ಮೇಷ್ಟ್ರು ನನ್ನ ಮುಖಕ್ಕೇ ಪಾಠ ಮಾಡತೊಡಗಿದರು. ಲೋಪ ಮುಗಿಯಿತು, ಊರೂರು. ಆಗಮ ಮುಗಿಯಿತು, ಮನೆಯಲ್ಲಿ. ಆದೇಶಕ್ಕೆ ಬರುವಷ್ಟರಲ್ಲಿ ನನ್ನ ಬೆಂಚಿನ ಪಕ್ಕವೇ ನಿಂತಿದ್ದರು. ಕತಪಗಳಿಗೆ ಗದಬ. ಮಳೆ, ಕಾಲ, ಮಳೆಗಾಲ. ಬೆಟ್ಟ, ತಾವರೆ, ಬೆಟ್ಟದಾವರೆ. ಆಡಿಸಿದೆ.

"ಎಲ್ಲಿ, ನೀನೇ ಹೇಳಪ್ಪ. ಕಂಬನಿ ಬಿಡಿಸು."

"ಕಂಬ ಪ್ಲಸ್ ಹನಿ ಸಾರ್."

"ಯಾವ ಕಂಬ?"

"ಲೈಟ್ ಕಂಬ ಸಾರ್. ಮಳೆಗಾಲದಲ್ಲಿ..."

ನಕ್ಕವರಲ್ಲಿ ಅರ್ಧ ಜನಕ್ಕೂ ಉತ್ತರ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಕಣ್ ಮತ್ತು ಪನಿ ಸೇರಿ ಕಂಬನಿ, ಪ ಹೋಗಿ ಬ ಬಂತು ಎಂಬುದನ್ನು ಬೆಂಚಿನ ಮೇಲೆ ನಿಂತು ಕಲಿತೆ. ಅದೊಂದು ಇವತ್ತಿಗೂ ಮರೆತಿಲ್ಲ.

ಆದರೂ ಈ ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿದೆ. "ಅರ್ಥ ಆಯ್ತಾ?" ಅನ್ನುತ್ತಾರೆ. "ಇಲ್ಲ ಸಾರ್" ಅಂದವನಿಗೆ "ಇಷ್ಟೊತ್ತು ಎಲ್ಲಿ ಸತ್ತಿದ್ದೆ?" ಅನ್ನುತ್ತಾರೆ. ಮತ್ತೆ "ಆಯ್ತು ಸಾಆಆರ್" ಎಂದು ರಾಗ ಎಳೆಯುವುದನ್ನು ಕಲಿಸಿದವರು ಯಾರು? ಕಿಟಕಿಯಾಚೆಯ ಕಾಗೆ ನೋಡುತ್ತಲೇ ಪಾಠ ಕೇಳುವ ಮಕ್ಕಳೂ ಇರುತ್ತಾರೆ, ಅಲ್ವಾ?

ಇದನ್ನೆಲ್ಲ ಮಿಸ್ಸಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಯಾವುದೋ ಪ್ರಾಜೆಕ್ಟು, ಯಾವುದೋ ತಾರೀಖು, ಯಾವುದೋ ಚಾರ್ಟು ಎಂದು ಹೇಳಿ ಮುಗಿಸಿ ಮುಂದಿನವರನ್ನು ಕರೆದಿದ್ದರು. ಅಷ್ಟಕ್ಕೂ ನಾನು ತಲೆಯಾಡಿಸಿದ್ದೆ.

ಗೇಟಿನ ಹತ್ತಿರ ಮಗಳು ಕಾಯುತ್ತಿದ್ದಳು. "ಅಪ್ಪಾ, ಚಾರ್ಟ್ ಎಷ್ಟು ತರಬೇಕಂತೆ?"

ಎರಡು ಅಂದೆ. ಸುಮ್ನೆ.