ಪ್ರಾಂಶುಪಾಲರು ವಾರಕ್ಕೆ ನಾಲ್ಕು ತಾಸಾದರೂ ಪಾಠ ಮಾಡಬೇಕೆ?

ಹಾವೇರಿ ಜಿಲ್ಲೆಯ ತಾಲ್ಲೂಕು ಊರೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಮೊದಲು ಇತಿಹಾಸದ ಅಧ್ಯಾಪಕನಾಗಿದ್ದೆ, ಆಮೇಲೆ ಪ್ರಭಾರಿ ಪ್ರಾಂಶುಪಾಲನಾದೆ. ಈ ಪ್ರಶ್ನೆ ನನ್ನೊಳಗೇ ವರ್ಷಗಟ್ಟಲೆ ಜಗ್ಗಾಡಿದ್ದರಿಂದ ಪರ, ವಿರೋಧದ ಎರಡೂ ಬರಹಗಳನ್ನು ನಾನೇ ಬರೆದಿದ್ದೇನೆ.

ಪರ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪ್ರಾಂಶುಪಾಲರಾಗುವವರಿಗೆ ಬೋಧನೆ ಅಥವಾ ಸಂಶೋಧನೆಯಲ್ಲಿ ಕನಿಷ್ಠ 15 ವರ್ಷಗಳ ಅನುಭವ ಇರಬೇಕು. ಲೆಕ್ಕಪತ್ರ ಬಲ್ಲವರನ್ನೋ ಆಡಳಿತ ಸೇವೆಯಲ್ಲಿ ಪಳಗಿದವರನ್ನೋ ಆ ಕುರ್ಚಿಗೆ ಕರೆಯದೆ ಪಾಠ ಹೇಳಿದವರನ್ನೇ ಕರೆಯುವುದು, ಕಾಲೇಜು ಮೊದಲಿಗೆ ಪಾಠ ನಡೆಯುವ ಜಾಗ ಎಂಬ ಕಾರಣಕ್ಕೆ. ಹಾಗಿರುವಾಗ ಅಧಿಕಾರ ವಹಿಸಿಕೊಂಡ ದಿನವೇ ಹದಿನೈದು ವರ್ಷಗಳ ಕಸುಬನ್ನು ಕಪಾಟಿಗೆ ಹಾಕಿ ಬೀಗ ಜಡಿಯುವುದು ಸರಿಯಲ್ಲ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ತಾಸು, ಸಹ ಪ್ರಾಧ್ಯಾಪಕರಿಗೆ 14 ತಾಸು ನೇರ ಬೋಧನೆಯನ್ನು ಅದೇ ನಿಯಮಾವಳಿ ಗೊತ್ತುಮಾಡಿದೆ. ಅದರ ಮುಂದೆ ನಾಲ್ಕು ತಾಸು ದೊಡ್ಡ ಹೊರೆಯಲ್ಲ. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿಗೆ ವಿ. ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದರು, ಆದರೆ ನಮ್ಮ ಭಾಗದ ಜನ ಅವರನ್ನು ನೆನೆಯುವುದು ಕವಿಯಾಗಿ, ಇಂಗ್ಲಿಷ್ ಕಲಿಸಿದ ಗುರುವಾಗಿ.

ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ತಿಳಿದದ್ದು ತರಗತಿಯಲ್ಲಿ ನಿಂತಾಗ. ಮಧ್ಯಾಹ್ನದ ಕೊನೆಯ ತಾಸಿಗೆ ಹುಡುಗಿಯರ ಸಾಲಿನ ಹಿಂದಿನ ಎರಡು ಬೆಂಚುಗಳು ದಿನಾಲೂ ಖಾಲಿ ಇರುತ್ತಿದ್ದವು. ಕಚೇರಿಯ ಮೇಜಿನ ಮೇಲೆ ಅದು ಶೇಕಡಾ 75ಕ್ಕಿಂತ ಕಡಿಮೆ ಹಾಜರಾತಿಯವರ ಪಟ್ಟಿಯಾಗಿ ಬರುತ್ತಿತ್ತು. ಪಾಲಕರಿಗೆ ನೋಟಿಸು ಕಳಿಸಿ ಕೈತೊಳೆದುಕೊಳ್ಳಲು ಅಷ್ಟು ಸಾಕಿತ್ತು. ಆದರೆ ಒಂದು ದಿನ ಕಿಟಕಿಯ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕಣ್ಣು ಹಲಗೆಯ ಮೇಲೆ, ಒಂದು ಕಣ್ಣು ರಸ್ತೆಯ ಮೇಲೆ ಇಟ್ಟಿದ್ದನ್ನು ಕಂಡು ಕೇಳಿದೆ. "ಮೂರೂವರಿ ಬಸ್ ತಪ್ಪಿದ್ರ ಮತ್ತ ಆರೂವರಿತನಕ ಇಲ್ರಿ ಸರ್" ಎಂದಳು. ಮರುವಾರವೇ ತರಗತಿಗಳು ಅರ್ಧ ತಾಸು ಮೊದಲೇ ಮುಗಿಯುವಂತೆ ವೇಳಾಪಟ್ಟಿ ಬದಲಿಸಿದೆ, ಬೆಂಚುಗಳು ತುಂಬಿದವು. ಕಡತದಲ್ಲಿ ಹಾಜರಾತಿಯ ಕೊರತೆಯಾಗಿ ಬಂದದ್ದು ನಿಜದಲ್ಲಿ ಬಸ್ಸಿನ ಸಮಸ್ಯೆ ಎಂಬುದು ಸೀಮೆಸುಣ್ಣ ಹಿಡಿದಿದ್ದರಿಂದಲೇ ನನಗೆ ಗೊತ್ತಾಯಿತು.

ಸಹೋದ್ಯೋಗಿಗಳ ಮಾತೂ ಇದೆ. ನಮ್ಮ ಸರ್ಕಾರಿ ಕಾಲೇಜುಗಳ ಪಾಠದ ಬಹುಭಾರವನ್ನು ಹೊತ್ತವರು ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಅವರು ಸೇವೆ ಕಾಯಂ ಮಾಡುವಂತೆ ಒತ್ತಾಯಿಸಿ ರಾಜ್ಯದಾದ್ಯಂತ ತರಗತಿ ಬಹಿಷ್ಕರಿಸಿದಾಗ ಎಷ್ಟೋ ಕಡೆ ಕೊಠಡಿಗಳೇ ಖಾಲಿಯಾದವು. ತಾನೂ ಪಾಠ ಮಾಡುವ ಪ್ರಾಂಶುಪಾಲನು ಅಂಥವರಿಗೆ ಪಠ್ಯಕ್ರಮ ಮುಗಿಸಿರೆಂದು ಹೇಳುವಾಗ ಆ ಮಾತಿಗೆ ತೂಕ ಇರುತ್ತದೆ. ಬರೀ ಸಹಿ ಹಾಕುವವನ ಬಾಯಲ್ಲಿ ಅದೇ ಮಾತು ದರ್ಪವಾಗಿ ಕೇಳಿಸುತ್ತದೆ.

ವಿರೋಧ

ಪ್ರಾಂಶುಪಾಲರ ಕೊಠಡಿಯ ಕೆಲಸ ಗಂಟೆ ನೋಡಿ ಬರುವುದಿಲ್ಲ. ಪ್ರವೇಶಾತಿ, ವಿಶ್ವವಿದ್ಯಾಲಯ, ಕಾಲೇಜುಗಳ ಆಡಳಿತದ ಯುಯುಸಿಎಂಎಸ್ ತಂತ್ರಾಂಶಕ್ಕೆ ಅಂಕ ಏರಿಸುವುದು, ರಾಜ್ಯದ ವಿದ್ಯಾರ್ಥಿವೇತನ ಜಾಲತಾಣ ಎಸ್‌ಎಸ್‌ಪಿಯಲ್ಲಿ ಅರ್ಜಿಗಳ ಪರಿಶೀಲನೆ, ಸಂಬಳದ ಬಿಲ್ಲು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕೆ ದಾಖಲೆ ಹೊಂದಿಸುವುದು, ಇವುಗಳಿಗೆಲ್ಲ ಕೊನೆಯ ದಿನಾಂಕ ಇರುತ್ತದೆ. ಆ ದಿನಾಂಕ ದಾಟಿದರೆ ಕೂಲಿ ಮಾಡುವವರ ಮನೆಯ ಹುಡುಗನೊಬ್ಬನ ಆ ವರ್ಷದ ವಿದ್ಯಾರ್ಥಿವೇತನವೇ ಕೈತಪ್ಪಬಹುದು. ಆದ್ದರಿಂದ ಕಡತ ಮತ್ತು ತರಗತಿ ಏಕಕಾಲಕ್ಕೆ ಕರೆದಾಗ ಪ್ರಾಂಶುಪಾಲನು ಕಡತದ ಕಡೆಗೇ ಹೋಗಬೇಕಾಗುತ್ತದೆ, ಮತ್ತು ಹಾಗೆ ಹೋಗುವುದು ತಪ್ಪೂ ಅಲ್ಲ.

ನಾನು ಹಾಗೆ ಹೋದ ಒಂದು ದಿನ ಇನ್ನೂ ಮನಸ್ಸಿನಿಂದ ಮಾಸಿಲ್ಲ. ಸ್ವಾತಂತ್ರ್ಯ ಚಳವಳಿಯ ಪಾಠ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರ ವಿಷಯಕ್ಕೆ ಬಂದಿದ್ದೆ. ಆ ಊರಿನ ಸುತ್ತಲಿನ ಮಕ್ಕಳು ನಾಲ್ಕಾರು ಜನ ಎದುರಿಗಿದ್ದರು, ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಷ್ಟರಲ್ಲಿ ಜವಾನ ಬಾಗಿಲಿಗೆ ಬಂದು, "ಸಾಹೇಬ್ರ, ಬಿಲ್ಲಿಗೆ ಸಹಿ ಬೇಕಂತ್ರಿ, ಇವತ್ತ ಖಜಾನೆಗೆ ಮುಟ್ಟಬೇಕಂತ" ಎಂದ. ಸಹಿ ಮುಗಿಸಿ ಎದ್ದರೆ ವರ್ಗಾವಣೆ ಪತ್ರಕ್ಕಾಗಿ ಬಂದ ಪಾಲಕರು, ಅವರು ಹೋದರೆ ಮೇಲಿನಿಂದ ಫೋನು, ಅಷ್ಟರಲ್ಲಿ ಗಂಟೆ ಹೊಡೆಯಿತು. ಮರುದಿನ ಧಾರವಾಡದಲ್ಲಿ ಸಭೆ. ಅದರ ಮುಂದೆ ಪರೀಕ್ಷಾ ಕೆಲಸ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮಹದೇವಪ್ಪನವರು ಗುಂಡಿಗೆ ಬಲಿಯಾದ ಪ್ರಸಂಗಕ್ಕೆ ನಾನು ತಲುಪಿದ್ದು ಎರಡು ವಾರಗಳ ಮೇಲೆ, ಅದೂ ನಾಲ್ಕೇ ವಾಕ್ಯಗಳಲ್ಲಿ. ತಮ್ಮ ನೆಲದ ಕಥೆಯನ್ನು ಆ ಮಕ್ಕಳು ನನ್ನಿಂದ ಅರೆಬರೆ ಕೇಳಿದರು. ಆ ಸೆಮಿಸ್ಟರಿನಲ್ಲಿ ಕೊನೆಯ ಘಟಕ ಉಳಿದೇ ಹೋಯಿತು.

ಪಾಠವೆಂದರೆ ನಿತ್ಯವೂ ಅದೇ ಹೊತ್ತಿಗೆ ಅದೇ ಬಾಗಿಲಿನಿಂದ ಒಳಗೆ ಬರುವುದು. ಇದನ್ನು ಕೊಡಲಾಗದವನು ಎಷ್ಟು ಚೆನ್ನಾಗಿ ಕಲಿಸಿದರೂ ನಷ್ಟ ಮಕ್ಕಳದು. ಮಕ್ಕಳ ಕಷ್ಟ ತಿಳಿಯಲು ಪ್ರಾಂಶುಪಾಲನ ಹೆಸರಿಗೆ ಪಾಠ ಮಾಡಲು ಒಂದು ಪತ್ರಿಕೆ ಇರಬೇಕೆಂದೇನೂ ಇಲ್ಲ. ವಾರಕ್ಕೊಮ್ಮೆ ಯಾವುದಾದರೂ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರೂ, ಸಂಜೆ ಬಸ್ ನಿಲ್ದಾಣದವರೆಗೆ ಮಕ್ಕಳ ಜೊತೆ ನಡೆದರೂ ಮೂರೂವರೆಯ ಬಸ್ಸು ಕಣ್ಣಿಗೆ ಬೀಳುತ್ತದೆ. ಕಚೇರಿಗೆ ಅಧೀಕ್ಷಕರು, ಗುಮಾಸ್ತರು ಪೂರ್ತಿ ಸಂಖ್ಯೆಯಲ್ಲಿರುವ ಕಾಲೇಜಿನಲ್ಲಿ ಮಾತು ಬೇರೆಯಾಗಬಹುದು. ಒಬ್ಬ ಗುಮಾಸ್ತರ ಮೇಲೆ ನಡೆಯುವ ತಾಲ್ಲೂಕು ಕಾಲೇಜಿಗೆ ಈ ನಾಲ್ಕು ತಾಸನ್ನು ಕಡ್ಡಾಯ ಮಾಡಿದರೆ ಅದು ವೇಳಾಪಟ್ಟಿಯ ಹಾಳೆಯಲ್ಲಷ್ಟೇ ಉಳಿಯುತ್ತದೆ.

ಸೆಮಿಸ್ಟರಿನ ಕೊನೆಯ ಹೊತ್ತಿಗೆ ಹುಡುಗರು ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, "ಸರ್, ಇವತ್ತರ ಪಾಠ ಐತೇನ್ರಿ?" ಎಂದು ಕೇಳತೊಡಗಿದ್ದರು. ಮುಂದಿನ ವರ್ಷ ಆ ಪತ್ರಿಕೆಯನ್ನು ಅತಿಥಿ ಉಪನ್ಯಾಸಕರೊಬ್ಬರಿಗೆ ವಹಿಸಿದೆ. ಅವರು ಎಲ್ಲ ಘಟಕಗಳನ್ನೂ ಮುಗಿಸಿ, ಮಕ್ಕಳನ್ನು ಒಂದು ಶನಿವಾರ ಹೊಸರಿತ್ತಿಗೂ ಕರೆದುಕೊಂಡು ಹೋಗಿ ಬಂದರು.