ಸೊಪ್ಪು ತಿಂದು ಗೊರಿಲ್ಲಾ ಆಗಹೊರಟವರಿಗೆ

"ಗೊರಿಲ್ಲಾ ಮಾಂಸ ಮುಟ್ಟುವುದಿಲ್ಲ, ಪ್ರೋಟೀನ್ ಪುಡಿ ಕುಡಿಯುವುದಿಲ್ಲ, ಆದರೂ ಅದರ ತೋಳು ನೋಡಿ!" ಎನ್ನುವ ವಿಡಿಯೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಸುತ್ತುತ್ತಿದೆ. ನಾನೂ ಸಸ್ಯಾಹಾರಿಯೇ. ಆದರೆ ನಮ್ಮ ಪಕ್ಷಕ್ಕೆ ಇಂಥ ಸಾಕ್ಷಿ ಬೇಡ ಮಾರಾಯರೇ.

ಮೈಸೂರು ಮೃಗಾಲಯಕ್ಕೆ 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಬಂದವು. ನೋಡಲು ಬಂದವರ ಕಣ್ಣೆಲ್ಲ ಅವುಗಳ ಎದೆ, ತೋಳುಗಳ ಮೇಲೆಯೇ. ಹೊಟ್ಟೆಯ ಗಾತ್ರವನ್ನು ಯಾರೂ ಗಮನಿಸುವುದಿಲ್ಲ. ಕುಳಿತಾಗ ತೊಡೆಯ ಮೇಲೆ ಬಂದು ಕೂರುವ ಆ ಹೊಟ್ಟೆಯೊಳಗೆ ಭಾರಿ ದೊಡ್ಡ ಕರುಳಿದೆ. ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಶಕ್ತಿಯನ್ನಾಗಿ ಮಾಡಿಕೊಡುತ್ತವೆ. ನಮಗೆ ಅಂಥ ಕರುಳಿಲ್ಲ.

ಇಷ್ಟಾಗಿಯೂ ಗೊರಿಲ್ಲಾದ ಮೈಕಟ್ಟಿಗೆ ಸೊಪ್ಪು ಕಾರಣವಲ್ಲ. ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯ ಹಿಂಗಾಲು, ಭುಜಗಳು ಗಂಟುಗಂಟಾಗಿ ಉಬ್ಬಿರುತ್ತವೆ. ನಮ್ಮ ಮಲೆನಾಡು ಗಿಡ್ಡವೂ ಹುಲ್ಲನ್ನೇ ಮೇಯುತ್ತದೆ, ಅದಕ್ಕೇಕೆ ಆ ಮೈ ಬರಲಿಲ್ಲ? ಸ್ನಾಯುವಿನ ಬೆಳವಣಿಗೆಗೆ ಲಗಾಮು ಹಾಕುವ ಮಯೊಸ್ಟಾಟಿನ್ ಎಂಬ ವಂಶವಾಹಿ ಬೆಲ್ಜಿಯನ್ ಬ್ಲೂನಲ್ಲಿ ಕೆಟ್ಟಿದೆ, ಅಷ್ಟೇ. ಗೊರಿಲ್ಲಾದ ಕಥೆ ಬೇರೆ, ಆದರೆ ಅಲ್ಲೂ ಮಾತು ಹುಟ್ಟಿನದೇ. ಗಂಡು ಗೊರಿಲ್ಲಾ ಹೆಣ್ಣಿನ ಸುಮಾರು ಎರಡರಷ್ಟು ತೂಗುತ್ತದೆ. ಹೆಣ್ಣುಗಳ ಗುಂಪಿಗಾಗಿ ಗಂಡುಗಳು ತಲೆಮಾರುಗಳಿಂದ ಸೆಣಸಿ ಬಂದುದರ ಫಲ ಅದು. ಇಬ್ಬರ ಊಟವೂ ಒಂದೇ ಎಂಬುದನ್ನು ವಿಡಿಯೊದವರು ಮರೆಯುತ್ತಾರೆ.

ಚಿಂಪಾಂಜಿಗೆ ಮನುಷ್ಯನ ಐದು ಪಟ್ಟು ಬಲ ಎಂಬ ಇನ್ನೊಂದು ಮಾತಿದೆ. ಅದು 1920ರ ದಶಕದ ಸರಕು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಸ್ನಾಯುವಿನ ತಂತುಗಳನ್ನೇ ಪರೀಕ್ಷಿಸಿ ಲೆಕ್ಕ ಹಾಕಿದಾಗ, ಒಂದೇ ಗಾತ್ರದ ಸ್ನಾಯುವಿನಲ್ಲಿ ಚಿಂಪಾಂಜಿಯ ಕೈ ಮೇಲಾದದ್ದು ಸುಮಾರು 1.35 ಪಟ್ಟು ಮಾತ್ರ. ಅದರ ಸ್ನಾಯುವಿನ ಮೂರನೇ ಎರಡು ಭಾಗ ವೇಗದ ತಂತುಗಳು: ಒಮ್ಮೆಲೇ ಜಗ್ಗಿ ಎಳೆಯುತ್ತವೆ, ಬೇಗ ದಣಿಯುತ್ತವೆ. ನಮ್ಮಲ್ಲಿ ನಿಧಾನದ ತಂತುಗಳೇ ಹೆಚ್ಚು. ಅವುಗಳಿಗೆ ಆರ್ಭಟವಿಲ್ಲ, ಸುಸ್ತೂ ಇಲ್ಲ, ಖರ್ಚೂ ಕಡಿಮೆ.

ನನಗೆ ಹೆಚ್ಚು ಬೆರಗಾಗುವುದು ಈ ಖರ್ಚಿನ ವಿಚಾರವೇ. ಚಿಂಪಾಂಜಿ ದಿನದ ಬಹುಪಾಲು ಕುಳಿತು, ಮಲಗಿ ಕಳೆದರೂ ಅದರ ಕಟ್ಟುಮಸ್ತು ಕರಗುವುದಿಲ್ಲ. ನಮ್ಮ ಕಾಲಿಗೆ ಕೆಲವು ವಾರ ಪ್ಲಾಸ್ಟರ್ ಹಾಕಿದರೆ ಸಾಕು, ಮೀನಖಂಡ ಸೊರಗುತ್ತದೆ. ಬಳಸದ ಸ್ನಾಯುವನ್ನು ನಮ್ಮ ದೇಹ ಸುಮ್ಮನೆ ಸಾಕುವುದಿಲ್ಲ. ತೂಕದಲ್ಲಿ ಶೇ 2ರಷ್ಟಿರುವ ಮೆದುಳೇ ವಿಶ್ರಾಂತಿಯಲ್ಲಿಯೂ ಸುಮಾರು ಶೇ 20ರಷ್ಟು ಶಕ್ತಿ ನುಂಗುವಾಗ ಇನ್ನೆಲ್ಲಿಂದ ಸಾಕೀತು? ಇದನ್ನು ದೌರ್ಬಲ್ಯ ಎನ್ನುವವರ ಜೊತೆ ನನ್ನ ತಕರಾರಿದೆ.

ಶಿವರಾತ್ರಿಯ ಹೊತ್ತಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೊರಡುವವರನ್ನು ನೋಡಿ. ತೋಳಿನಲ್ಲಿ ಗಂಟಿಲ್ಲದವರು, ಹೊಟ್ಟೆ ಬಂದವರು, ಅರುವತ್ತು ದಾಟಿದ ಅಜ್ಜಿಯರು, ಮುನ್ನೂರು ಕಿಲೊಮೀಟರ್ ಆಸುಪಾಸಿನ ದಾರಿಯನ್ನು ದಿನಗಟ್ಟಲೆ ತುಳಿದು ಘಟ್ಟ ಇಳಿಯುತ್ತಾರೆ. ದಿನಕ್ಕೆ ಕೆಲವೇ ಕಿಲೊಮೀಟರ್ ಅಲೆಯುವ ಚಿಂಪಾಂಜಿಯನ್ನು ಅವರ ಜೊತೆ ಕಳುಹಿಸಿದರೆ ಅದು ನೆಲಮಂಗಲ ದಾಟುವುದೂ ಅನುಮಾನ.